ಜೂನ್ ಬಂತೆಂದು ಥೆರಪಿ ನಿಲ್ಲಿಸಬೇಡಿ

ಶಾಲೆ ಶುರುವಾದ ಮೇಲೂ ಮಕ್ಕಳ ಸ್ಪೀಚ್ ಥೆರಪಿ (ಮಾತಿನ ತರಬೇತಿ), ಆಕ್ಯುಪೇಷನಲ್ ಥೆರಪಿ (ಬರೆಯುವಂಥ ದಿನನಿತ್ಯದ ಕೆಲಸಗಳ ತರಬೇತಿ) ಮುಂದುವರಿಸಿ ಅಂತ ಲೇಖನದಲ್ಲಿ ಹೇಳಿದ್ದೀರಿ. ನೂರಕ್ಕೆ ನೂರು ನಿಜ ಮೇಡಂ. ಆದರೆ ನಮ್ಮ ತೀರ್ಥಹಳ್ಳಿ ಕಡೆ ಶಾಲೆ, ಮಳೆ ಎರಡೂ ಒಟ್ಟಿಗೇ ಬರುತ್ತವೆ. ಶಿವಮೊಗ್ಗಕ್ಕೆ ಹೋಗಿ ಬರಲು ಹತ್ತಿರಹತ್ತಿರ 120 ಕಿ.ಮೀ. ಮುಕ್ಕಾಲು ಗಂಟೆಯ ಥೆರಪಿಗೆ ಇಡೀ ದಿನದ ಶಾಲೆ ತಪ್ಪುತ್ತದೆ.

ಹೋದ ವರ್ಷ ನಾವು ಜೂನ್‌ನಲ್ಲೇ ಬಿಟ್ಟೆವು. ದಸರಾ ರಜೆ ಹೊತ್ತಿಗೆ ಮಗನ ಬಾಯಲ್ಲಿ 'ಕಾಗೆ' ಮತ್ತೆ 'ತಾದೆ' ಆಗಿತ್ತು. ಅಷ್ಟು ತಿಂಗಳ ಶ್ರಮ! ತುಂಬಾ ಸಂಕಟವಾಯಿತು.

ಈ ವರ್ಷ ತಿಂಗಳಿಗೊಮ್ಮೆ ಶನಿವಾರ ಶಿವಮೊಗ್ಗಕ್ಕೆ ಹೋಗುತ್ತೇವೆ, ನಡುವೆ ಒಂದು ಸಲ ಥೆರಪಿಸ್ಟ್ ವಿಡಿಯೊ ಕಾಲ್‌ನಲ್ಲಿ ನೋಡುತ್ತಾರೆ. ಉಳಿದ ದಿನ ಮನೆಯಲ್ಲೇ ಹತ್ತು ನಿಮಿಷ. ಮಳೆಗಾಲದಲ್ಲಿ ಅಜ್ಜಿ ಜೊತೆ ಕೂತು ಹಲಸಿನ ಬೀಜದ ಬಿಳಿ ಸಿಪ್ಪೆ ಬಿಡಿಸುತ್ತಾನೆ. ಬೆರಳಿನ ಹಿಡಿತಕ್ಕೆ ಅದು ಒಳ್ಳೆಯ ಕೆಲಸ ಅಂತ ಥೆರಪಿಸ್ಟೇ ಹೇಳಿದರು. ಈಗ ಪೆನ್ಸಿಲ್ ಜಾರುವುದು ಕಡಿಮೆಯಾಗಿದೆ. ಯಾವ ಅಕ್ಷರ ಅಭ್ಯಾಸ ನಡೆದಿದೆ ಅಂತ ಒಂದು ಸಣ್ಣ ಪುಸ್ತಕದಲ್ಲಿ ಬರೆದು ಟೀಚರಿಗೂ ಕಳಿಸುತ್ತೇನೆ. ತರಗತಿಯಲ್ಲಿ ಅವನು ಮಾತು ಮುಗಿಸುವವರೆಗೆ ಅವರು ಕಾಯುತ್ತಾರೆ. ಅದೇ ಅರ್ಧ ಥೆರಪಿ ಅಲ್ವಾ?

ಇನ್ನೊಂದು ವಿಷಯ. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಬಿಐಇಆರ್‌ಟಿ ಅಂತಾರೆ. ಆರ್‌ಬಿಎಸ್‌ಕೆ, ಅಂದರೆ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತಾರೆ, 18 ವರ್ಷದವರೆಗೆ ಉಚಿತ. ನನಗೆ ಇದು ಗೊತ್ತಾಗಿದ್ದೇ ತಡವಾಗಿ. ಹೊಸನಗರ, ಸಾಗರ ಕಡೆಯ ಪೋಷಕರು ಯಾರಾದರೂ ಇದ್ದರೆ ದಯವಿಟ್ಟು ಈ ವಾರವೇ ನಿಮ್ಮ ಬಿಆರ್‌ಸಿಗೆ ಹೋಗಿ ಕೇಳಿ.