ಮುದ್ದೆಗೆ ನೋಟಿಸ್

ಆ ಪಟ್ಟಿ ನಿಮಗೂ ಬಂದಿರುತ್ತದೆ. ಬಂದಿಲ್ಲವೆಂದರೆ ನಿಮ್ಮ ಫೋನ್ ಕೆಟ್ಟಿದೆ. ಅದೇ ಕಣ್ರೀ, ಹಸಿರು ಅಂಚಿನ ಎರಡು ಪುಟದ ಪಿಡಿಎಫ್, 'ಲೋ ಕಾರ್ಬ್: ಮೊದಲ ವಾರದ ಶಾಪಿಂಗ್'. ಲೋ ಕಾರ್ಬ್ ಎಂದರೆ ಕಾರ್ಬೋಹೈಡ್ರೇಟ್, ಅಂದರೆ ಅನ್ನ ಮುದ್ದೆಯ ಪಿಷ್ಟ, ಸಕ್ಕರೆ, ಇವನ್ನು ಕಡಿಮೆ ಮಾಡುವ ಊಟ. ಆವಕಾಡೊ ನಾಲ್ಕು, ಝುಕಿನಿ ಆರು, ಬ್ರೊಕೊಲಿ ಎರಡು, ಬಾದಾಮಿ ಹಿಟ್ಟು ಒಂದು ಕೆ.ಜಿ., ಆಲಿವ್ ಎಣ್ಣೆ ಒಂದು ಬಾಟಲಿ, ಸಾಲ್ಮನ್ ಮೀನು ಎರಡು ತುಂಡು. ಕೆರೆಗೆ ನೀರು ಬಂದರೆ ಬಾಗಿನ ಬಿಡುವ ಜಿಲ್ಲೆಗೆ ಸಾಲ್ಮನ್!

ಪಟ್ಟಿ ಮಾಡಿದವರ ದೂರದೃಷ್ಟಿ ಮೆಚ್ಚಬೇಕಾದದ್ದೇ. ಅಷ್ಟು ದೂರ ನೋಡುವವರಿಗೆ ಕೋಲಾರದ ಎಪಿಎಂಸಿ ಕಾಣದಿದ್ದರೆ ತಪ್ಪೇನಿಲ್ಲ. 2023ರ ಜುಲೈನಲ್ಲಿ ಇಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಅದೇ ಹಣ್ಣು ರಸ್ತೆ ಬದಿಗೆ ಬೀಳುತ್ತದೆ. 100 ಗ್ರಾಂ ಟೊಮೆಟೊದಲ್ಲಿ ಕಾರ್ಬೋಹೈಡ್ರೇಟ್ ನಾಲ್ಕು ಗ್ರಾಂ ಆಸುಪಾಸು. ಹೀರೇಕಾಯಿ, ಸೋರೆ, ಪಡವಲ, ಬದನೆ, ಎಲೆಕೋಸು, ಹೂಕೋಸು ಎಲ್ಲವೂ ಐದಾರು ಗ್ರಾಂ ಒಳಗೇ ಮುಗಿಯುತ್ತವೆ. ಝುಕಿನಿ ಮಾಡುವ ಕೆಲಸವನ್ನೆಲ್ಲ ಹೀರೇಕಾಯಿ ಮಾಡುತ್ತದೆ, ಸಿಪ್ಪೆಯಲ್ಲಿ ಚಟ್ನಿ ಬೇರೆ ಆಗುತ್ತದೆ. ಆದರೆ ಹೀರೇಕಾಯಿ ಇರುವ ಪಟ್ಟಿಯನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ?

ಎರಡನೇ ಪುಟದಲ್ಲಿ ಕೆಂಪು ಅಕ್ಷರ: 'ಇವನ್ನು ಮನೆಯಿಂದ ಹೊರಹಾಕಿ'. ಮೊದಲ ಹೆಸರೇ ರಾಗಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಸಾರಿದಾಗ ಇದೇ ರಾಗಿಗೆ ಮೆರವಣಿಗೆಯಾಗಿತ್ತು. ವೇದಿಕೆ ಮೇಲೆ ಮುದ್ದೆ ಮುರಿದು ಫೋಟೊ ತೆಗೆಸಿಕೊಳ್ಳದ ಮುಖಂಡರಿರಲಿಲ್ಲ. 'ರಾಗಿ ತಿಂದರೆ ಶುಗರ್ ಹತ್ತಿರ ಸುಳಿಯಲ್ಲ' ಎಂದು ಅಂದು ಫಾರ್ವರ್ಡ್ ಮಾಡಿದ ಬೆರಳುಗಳೇ ಇಂದು 'ರಾಗಿ ವಿಷ' ಎಂದು ಫಾರ್ವರ್ಡ್ ಮಾಡುತ್ತಿವೆ. ಬೆರಳಿಗೆ ನೆನಪಿನ ಶಕ್ತಿ ಇಲ್ಲ, ಪಾಪ.

ಲೆಕ್ಕ ಇಷ್ಟೇ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಕಾರ್ಬೋಹೈಡ್ರೇಟ್ ಸುಮಾರು 67 ಗ್ರಾಂ, ಅಕ್ಕಿಯಲ್ಲಿ 78. ರಾಗಿಯಲ್ಲಿ ನಾರು ಹನ್ನೊಂದು ಗ್ರಾಂನಷ್ಟಿದೆ, ಕ್ಯಾಲ್ಸಿಯಂ ಅಕ್ಕಿ ಗೋಧಿಗಳಿಗಿಂತ ಎಷ್ಟೋ ಪಾಲು ಹೆಚ್ಚು. ಒಳ್ಳೆಯ ಧಾನ್ಯವೇ ಸರಿ, ಆದರೂ ಧಾನ್ಯ ಧಾನ್ಯವೇ. ನಮ್ಮ ಕಡೆಯ ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಸಲೀಸಾಗಿ ಹಿಡಿಯುತ್ತದೆ. ಕಾರ್ಬೋಹೈಡ್ರೇಟ್ ದಿನಕ್ಕೆ 130 ಗ್ರಾಂ ಒಳಗಿದ್ದರೆ ಲೋ ಕಾರ್ಬ್ ಎನ್ನುವುದು ವಾಡಿಕೆ. ಕೀಟೋ ಎಂದರೆ ಇದರ ಕಟ್ಟುನಿಟ್ಟಿನ ರೂಪ, 20ರಿಂದ 50 ಗ್ರಾಂ. ಅಂದರೆ ಎರಡು ಮುದ್ದೆ ನುಂಗಿದವರ ಕೋಟಾ ಮಧ್ಯಾಹ್ನಕ್ಕೇ ಖಾಲಿ. ಹೊಲದಲ್ಲಿ ಗುದ್ದಲಿ ಹಿಡಿದವರಿಗೆ ಅದು ಸಂಜೆಯೊಳಗೆ ಕರಗುತ್ತಿತ್ತು. ಶೋರೂಮಿನ ಕೌಂಟರ್ ಹಿಂದೆ ಕೂತವರಿಗೂ ಮುದ್ದೆಯ ಗಾತ್ರ ಮಾತ್ರ ಅಜ್ಜನ ಕಾಲದ್ದೇ ಉಳಿದಿದೆ. ನೋಟಿಸ್ ಕೊಡಬೇಕಾದರೆ ಆ ಗಾತ್ರಕ್ಕೆ ಕೊಡಿ. 40 ಗ್ರಾಂ ಹಿಟ್ಟಿನ ಪುಟ್ಟ ಮುದ್ದೆಯಲ್ಲಿ 27 ಗ್ರಾಂ ಮಾತ್ರ. ಕೀಟೋದವರಿಗೆ ಅದೂ ಆಗದು, ಉಳಿದವರಿಗೆ ಧಾರಾಳವಾಗಿ ಹಿಡಿಸುತ್ತದೆ.

ರಾಗಿ ಮಾತು ಬಂದಾಗ ರಾಗಿ ಬಿಸ್ಕತ್ತನ್ನು ಮರೆಯಬಾರದು. ಪೊಟ್ಟಣದ ಮುಂದೆ ತೆನೆಯ ಚಿತ್ರ, ಹೊಲ, ನಗುವ ಅಜ್ಜಿ. ಹಿಂದೆ ತಿರುಗಿಸಿ ನೋಡಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲೇ ಬರೆಯಬೇಕೆಂಬ ನಿಯಮವಿದೆ. ಮೊದಲು ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ, ಎಲ್ಲೋ ಬಾಲದಲ್ಲಿ ರಾಗಿ ಇದ್ದರೆ ಅದು ರಾಗಿ ವೇಷ ಹಾಕಿದ ಮೈದಾ ಬಿಸ್ಕತ್ತು. 'ಸಕ್ಕರೆ ಸೇರಿಸಿಲ್ಲ' ಎಂದಿದ್ದರೆ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಇದೆಯೇ ನೋಡಿ. ಲೇಬಲ್ಲಿನಲ್ಲಿ ಸಕ್ಕರೆ ಅನ್ನಿಸಿಕೊಳ್ಳುವುದಿಲ್ಲ, ರಕ್ತದಲ್ಲಿ ಸಕ್ಕರೆಯನ್ನೂ ಮೀರಿಸುತ್ತದೆ. ಇನ್ನು ಪಾರ್ಕಿನ ಗೇಟಿನ ರಾಗಿ ಅಂಬಲಿ. ಮೂರು ಸುತ್ತು ನಡೆದು ಮೂರು ಚಮಚ ಬೆಲ್ಲ ಕುಡಿಯುವುದು ನಮ್ಮ ಆರೋಗ್ಯ ಚಳವಳಿಯ ಬಹುದೊಡ್ಡ ಸಾಧನೆ. ಬೆಲ್ಲ 'ನ್ಯಾಚುರಲ್' ಅಂತೆ! ಹಾವಿನ ವಿಷವೂ ನ್ಯಾಚುರಲ್ಲೇ.

ಮುದ್ದೆಗೆ ಬಹಿಷ್ಕಾರ ಹಾಕಿದವರು ಟೀಗೆ ಮಾತ್ರ ಜಾಮೀನು ಕೊಟ್ಟಿರುತ್ತಾರೆ. ಒಂದು ಲೋಟಕ್ಕೆ 75 ಮಿ.ಲೀ. ಹಾಲು, ಅದರಲ್ಲಿ ಕಾರ್ಬೋಹೈಡ್ರೇಟ್ ಮೂರೂವರೆ ಗ್ರಾಂ. ಎರಡು ಚಮಚ ಸಕ್ಕರೆ, ಒಂಬತ್ತು ಹತ್ತು ಗ್ರಾಂ. ದಿನಕ್ಕೆ ಐದು ಲೋಟ ಎಂದರೆ 60 ಗ್ರಾಂ ದಾಟಿತು. ಹೆಚ್ಚುಕಡಿಮೆ ಒಂದು ಇಡೀ ಮುದ್ದೆಯನ್ನು ಕುಡಿದ ಹಾಗಾಯಿತು. ಜೊತೆಗೆ ಅದ್ದಿದ ಬನ್ನಿನ ಲೆಕ್ಕ ಬೇರೆ.

ಸರಿ, ಬೈದದ್ದಾಯಿತು, ಚೀಲ ಹಿಡಿಯೋಣ. ಹೊರಡುವ ಮೊದಲು ಡಬ್ಬಗಳನ್ನು ನೋಡಿ. ಅರ್ಧ ಮನೆಗಳಲ್ಲಿ ಹೊಸ ಆಹಾರಕ್ರಮ ನಾಲ್ಕನೇ ದಿನಕ್ಕೆ ಮುಗಿಯುವುದು ಚಕ್ಕುಲಿ ಡಬ್ಬದಿಂದ. ಇಬ್ಬರಿಗೆ ವಾರಕ್ಕೆ ತರಕಾರಿ, ಸೊಪ್ಪು ಸೇರಿ ಐದಾರು ಕೆ.ಜಿ. ಬೇಕು, ತಲೆಗೆ ದಿನಕ್ಕೆ 400 ಗ್ರಾಂ. ಇಲ್ಲೇ ಎಲ್ಲರೂ ಎಡವುವುದು. ಅನ್ನ ತೆಗೆದ ಜಾಗಕ್ಕೆ ಏನನ್ನೂ ಬಡಿಸುವುದಿಲ್ಲ, ಪಲ್ಯ ಅದೇ ಎರಡು ಚಮಚ. ಸಂಜೆ ನಾಲ್ಕಕ್ಕೆ ಹೊಟ್ಟೆ ಕೂಗಿ ಬೋಂಡಾ ಅಂಗಡಿ ಮುಂದೆ ನಿಲ್ಲಿಸುತ್ತದೆ. ಪಲ್ಯ ಬಟ್ಟಲು ತುಂಬಬೇಕು. ಸೊಪ್ಪು ಒಟ್ಟಿಗೇ ತಂದರೆ ಮೂರನೇ ದಿನ ಕೊಳೆಯುತ್ತದೆ, ವಾರಕ್ಕೆ ಎರಡು ಸಲ ತನ್ನಿ. ತೊಳೆಯದೆ, ಬೇರು ಕತ್ತರಿಸಿ, ಬಟ್ಟೆಯಲ್ಲಿ ಸುತ್ತಿಡಿ. ಮೊದಲ ಮೂರು ದಿನಕ್ಕೆ ಸೊಪ್ಪು, ಹೀರೇಕಾಯಿ, ಬದನೆ. ಕೊನೆಗೆ ಎಲೆಕೋಸು, ಸೀಮೆಬದನೆ. ಕೋಸು ವಾರ ಕಾಯುತ್ತದೆ, ದಂಟಿನ ಸೊಪ್ಪು ಕಾಯುವುದಿಲ್ಲ. ಆಲೂಗಡ್ಡೆ, ಗೆಣಸು ಬೇಡ.

ಪ್ರೋಟೀನ್ ಲೆಕ್ಕವನ್ನು ಪಟ್ಟಿ ಸಾಲ್ಮನ್‌ಗೆ ಒಪ್ಪಿಸಿ ಕೈತೊಳೆದುಕೊಂಡಿದೆ. 60 ಕೆ.ಜಿ. ತೂಕದವರಿಗೆ ದಿನಕ್ಕೆ 50 ಗ್ರಾಂ ಹಿಡಿಯಿರಿ. ಮೂರು ಮೊಟ್ಟೆ 18, ಪನೀರ್ 100 ಗ್ರಾಂ ಸುಮಾರು 18, ಕಡಲೆಕಾಯಿ ಬೀಜ ಒಂದು ಹಿಡಿ, ಅಂದರೆ 30 ಗ್ರಾಂ, ಏಳು. ಮೊಸರು 200 ಗ್ರಾಂ ಆರು. ಬಂತಲ್ಲ? ಕೋಳಿ ತಿನ್ನುವ ದಿನ ಪನೀರ್ ಬಿಡಿ. ಕಡಲೆಕಾಯಿಯನ್ನು ಮಾತ್ರ ಅಳೆದು ಬಟ್ಟಲಿಗೆ ಹಾಕಿಕೊಂಡು ಡಬ್ಬ ಮುಚ್ಚಿ. ಮಾತಾಡುತ್ತಾ ತಿಂದರೆ ಕಾಲು ಕೆ.ಜಿ. ಹೋದದ್ದೇ ಗೊತ್ತಾಗುವುದಿಲ್ಲ. ಬಾದಾಮಿ ಹಿಟ್ಟಿಗೆ ಅಂಟಿಲ್ಲ, ಚಪಾತಿ ಲಟ್ಟಿಸಿದರೆ ಬಿರಿಯುತ್ತದೆ, ಆ ದುಡ್ಡು ಉಳಿಸಿ. ಹುಚ್ಚೆಳ್ಳು ಚಟ್ನಿಪುಡಿ, ತಿಪಟೂರಿನ ಕೊಬ್ಬರಿ, ಹಸಿ ತೆಂಗಿನಕಾಯಿ ಇರುವಾಗ ಕೊಬ್ಬಿಗಾಗಿ ವಿದೇಶಿ ಬಾಟಲಿ ಹುಡುಕುವುದು ಶೋಕಿ.

ಮೊಟ್ಟೆ ಎಂದೆನಲ್ಲ, ಅಲ್ಲೊಂದು ಮಾತು. ಲೋ ಕಾರ್ಬ್ ಪಟ್ಟಿಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ನೇರವಾದ ಪದಾರ್ಥ ಇನ್ನೊಂದಿಲ್ಲ. ಒಂದರಲ್ಲಿ ಆರು ಗ್ರಾಂ ಪ್ರೋಟೀನ್, ಕಾರ್ಬೋಹೈಡ್ರೇಟ್ ಒಂದು ಗ್ರಾಂ ಕೂಡ ಇಲ್ಲ. ಜಿಮ್ಮಿನ ಹುಡುಗ ದಿನಕ್ಕೆ ಆರು ತಿಂದರೆ ಶಿಸ್ತು. ಸರ್ಕಾರಿ ಶಾಲೆಯ ಮಗುವಿನ ತಟ್ಟೆಗೆ ವಾರಕ್ಕೆ ಎರಡು ಬಿದ್ದರೆ ಸಂಸ್ಕೃತಿಗೆ ಧಕ್ಕೆ. ಈ ರಾಜ್ಯದಲ್ಲಿ ವರ್ಷಗಟ್ಟಲೆ ಅದೇ ಜಗಳ ನಡೆಯಿತು, ಹೇಳಿಕೆಗಳ ಮೇಲೆ ಹೇಳಿಕೆ ಬಂದವು. ವಾರಕ್ಕೆ ಆರು ದಿನ ಮೊಟ್ಟೆ ಕೊಡಲು 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಣ ಕೊಡಬೇಕಾಯಿತು. ಹೊಟ್ಟೆ ತುಂಬಿದವರಿಗೆ ಕಾರ್ಬ್ ಬಿಡುವುದು ಹವ್ಯಾಸ. ಪಡಿತರದ ಅಕ್ಕಿ ಬಿಟ್ಟರೆ ಡಬ್ಬದಲ್ಲಿ ಬೇರೇನೂ ಇಲ್ಲದ ಮನೆಗೆ ಹೋಗಿ 'ಕಾರ್ಬ್ ಕಡಿಮೆ ಮಾಡಿ' ಎನ್ನಲು ಡಾಕ್ಟರಿಗೂ ನಾಲಗೆ ಏಳುವುದಿಲ್ಲ. ಇದರಲ್ಲಿ ನಗುವಂಥದ್ದೇನೂ ಇಲ್ಲ.

ಅಡುಗೆಮನೆಗೆ ಬರೋಣ. ಸಂಕಲ್ಪ ಯಜಮಾನರದ್ದು, ಬೆವರು ಯಜಮಾನ್ತಿಯದು. ಅವರಿಗೆ ಹೂಕೋಸಿನ ಅನ್ನ, ಮಕ್ಕಳಿಗೆ ಅಕ್ಕಿ ಅನ್ನ, ಅತ್ತೆಗೆ ಮುದ್ದೆ, ತನಗೆ ಉಳಿದದ್ದು. ಹೂಕೋಸಿನ ಅನ್ನ ಎಂದರೆ ತುರಿದ ಹೂಕೋಸನ್ನು ನೀರು ಹಾಕದೆ, ಮುಚ್ಚಳ ಮುಚ್ಚದೆ, ಜೋರು ಉರಿಯಲ್ಲಿ ನಾಲ್ಕೈದು ನಿಮಿಷ ಬಾಡಿಸಿ ಉಪ್ಪನ್ನು ಕೊನೆಗೆ ಹಾಕುವುದು. ಮೊದಲೇ ಉಪ್ಪು ಹಾಕಿದರೆ ನೀರು ಬಿಟ್ಟು ಗಂಜಿ. ಸರಿಯಾಗಿ ಮಾಡಿದರೂ ಮೇಲೆ ಸಾರು ಸುರಿದರೆ ಮತ್ತೆ ಗಂಜಿ. ಇಷ್ಟು ಪಾಡು ಯಾಕೆ? ನಮ್ಮ ಕಡೆ ಬಸ್ಸಾರು ಇದೆ. ಬೆರಕೆ ಸೊಪ್ಪು ಮೂರು ಪಾಲು, ಕಾಳು ಒಂದು ಪಾಲು ಬೇಯಿಸಿ ಬಸಿಯಿರಿ. ಸಾರಿನ ಖಾರಕ್ಕೆ ಬೆಂದ ಕಾಳು ರುಬ್ಬಿ ಹಾಕುವ ಬದಲು ತೆಂಗಿನಕಾಯಿ ಒಂದು ಹಿಡಿ ಜಾಸ್ತಿ ಹಾಕಿ, ಗಟ್ಟಿಯಾಗುತ್ತದೆ. ಬಸಿದ ಸೊಪ್ಪು ಪಲ್ಯಕ್ಕೆ. ಒಂದೇ ಪಾತ್ರೆ, ಮನೆಮಂದಿಗೆಲ್ಲ ಒಂದೇ ಅಡುಗೆ. ಡಯಟ್ ಮಾಡುವವರ ತಟ್ಟೆಯಲ್ಲಿ ಪಲ್ಯ ಎರಡು ಬಟ್ಟಲು, ಮುದ್ದೆ ನಿಂಬೆಹಣ್ಣಿನ ಗಾತ್ರ, ಪಕ್ಕಕ್ಕೆ ಎರಡು ಬೇಯಿಸಿದ ಮೊಟ್ಟೆ. ಬೇರೆ ಒಲೆ ಬೇಕೆನ್ನುವವರು ತಾವೇ ಹಚ್ಚಿಕೊಳ್ಳಲಿ.

ಮೊದಲ ವಾರ ಎರಡು ಕೆ.ಜಿ. ಇಳಿದ ಸ್ಟೇಟಸ್ ನೋಡಿ ಯಾರೂ ಉಬ್ಬಬೇಡಿ. ದೇಹ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನು ಕರಗುವಾಗ ಪ್ರತಿ ಗ್ರಾಂ ಜೊತೆ ಮೂರು ಗ್ರಾಂನಷ್ಟು ನೀರು ಹೋಗುತ್ತದೆ. ಇಳಿದದ್ದರಲ್ಲಿ ಹೆಚ್ಚಿನ ಪಾಲು ನೀರೇ. ಉಪ್ಪೂ ಜೊತೆಗೇ ಹೋಗುವುದರಿಂದ ಎರಡು ಮೂರನೇ ದಿನ ತಲೆನೋವು, ಸುಸ್ತು, ಮೀನಖಂಡ ಹಿಡಿದುಕೊಳ್ಳುವುದು. ಒಂದು ಲೋಟ ಉಪ್ಸಾರಿನ ಕಟ್ಟು, ನಿಂಬೆ ಹಿಂಡಿದ ಮಜ್ಜಿಗೆ ಕುಡಿದರೆ ಸಾಕು, ಬಿ.ಪಿ. ಇದ್ದವರು, ಕಿಡ್ನಿ ತೊಂದರೆ ಇದ್ದವರು ಕೇಳದೆ ಉಪ್ಪು ಏರಿಸಬಾರದು. ಸೊಪ್ಪು ಕಡಿಮೆ ಮಾಡಿ ಬರೀ ಕೋಳಿ ಪನೀರ್ ತಿಂದವರಿಗೆ ಮಲಬದ್ಧತೆ ಖಚಿತ.

ಪಟ್ಟಿಯ ಕೊನೆಯ ಸಾಲು 'ಮಾತ್ರೆಗಳಿಗೆ ವಿದಾಯ ಹೇಳಿ'. ಇದನ್ನು ಬರೆದವರನ್ನು ಹೊಗಳುವ ವ್ಯಂಗ್ಯ ನನ್ನಲ್ಲಿಲ್ಲ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಮೇಲಿರುವವರು ದಿಢೀರನೆ ಅನ್ನ ಮುದ್ದೆ ಬಿಟ್ಟು ಹಳೆಯ ಡೋಸನ್ನೇ ಮುಂದುವರಿಸಿದರೆ ಸಕ್ಕರೆ ಪಾತಾಳಕ್ಕಿಳಿದು ಬೆವತು, ನಡುಗಿ, ಪ್ರಜ್ಞೆ ತಪ್ಪಿ ಬೀಳಬಹುದು. ತಾವೇ ಇನ್ಸುಲಿನ್ ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಅಪಾಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಶುಗರ್ ಮಾತ್ರೆ ನುಂಗುತ್ತಾ ಕೀಟೋ ಹಿಡಿದರೆ ಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಏರದೆಯೇ ಕೀಟೋಅಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೇರುವುದು, ಆಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ನೇರ ಆಸ್ಪತ್ರೆ. ಡೋಸ್ ಬದಲಿಸುವ ಮಾತನ್ನು ಡಯಟ್ ಶುರು ಮಾಡುವ ಮೊದಲೇ ಡಾಕ್ಟರ ಹತ್ತಿರ ಆಡಬೇಕು. ಝುಕಿನಿ ಎಷ್ಟು ತುಂಡು ಎಂದು ಬರೆಯಲು ಜಾಗವಿತ್ತು, ಈ ಒಂದು ಸಾಲಿಗೆ ಇರಲಿಲ್ಲ.

ಇದೆಲ್ಲ ಮಾಡಿ ಗೆದ್ದವರಿಗೆ ಕೊನೆಯ ಪರೀಕ್ಷೆ ಮದುವೆಮನೆ. ಬೀಗರ ಊಟ ಸುಲಭ. ಮಟನ್, ಕೋಳಿ, ಮೊಟ್ಟೆ ಮುಗಿಸಿ ಬಿರಿಯಾನಿ ಬರುವ ಮೊದಲು ಏಳಬಹುದು. ಕಷ್ಟ ಧಾರೆಯ ದಿನದ ಎಲೆಯದು. ಕೋಸಂಬರಿ, ಎರಡು ಥರ ಪಲ್ಯ, ಮಜ್ಜಿಗೆ ಇಷ್ಟೇ ನಿಮ್ಮ ಪಾಲು. ಬೇಡ ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಪಾಯಸ ಇಳಿಯುತ್ತದೆ. 'ಶುಗರ್ ಇದೆ ಕಣಣ್ಣಾ' ಎಂದರೆ ಪಕ್ಕದ ಎಲೆಯ ಹಿರಿಯರು 'ಒಂದು ದಿನಕ್ಕೆ ಏನೂ ಆಗಲ್ಲ, ಹಾಕಿಸ್ಕೊಳಪ್ಪ' ಎನ್ನುತ್ತಾ ಮೂರನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ. ಊಟ ಮುಗಿಸಿ ಅವರು ಕೈತೊಳೆಯುವ ಕಡೆ ಹೋಗುವುದಿಲ್ಲ. ಕಾರಿನಲ್ಲಿಟ್ಟ ಇನ್ಸುಲಿನ್ ಹುಡುಕಲು ಹೋಗುತ್ತಾರೆ.