ಸೀಟಿನ ಕೆಳಗೆ ಸಿಕ್ಕ ಒಂದು ಕಾರ್ಟ್‌ರಿಜ್

ಕಾರು ತೊಳೆಯುವ ಹುಡುಗ ಅಂಗೈ ಚಾಚಿ, "ಸರ್, ಇದು ನಿಮ್ಮ ಪೆನ್ನಿನ ಮುಚ್ಚಳವಾ ನೋಡಿ, ವ್ಯಾಕ್ಯೂಮ್ ಬಾಯಿಗೆ ಸಿಕ್ಕಿಹಾಕಿಕೊಂಡಿತ್ತು" ಅಂದ.

ಪೆನ್ನಿನ ಮುಚ್ಚಳ ಅಲ್ಲ ಅದು, ನನ್ನ ರೈಫಲ್ಲಿನ ಗುಂಡು, .22 ಕಾರ್ಟ್‌ರಿಜ್. ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಹಿತ್ತಾಳೆಯ ಕವಚ, ತುದಿಯಲ್ಲಿ ಬೂದು ಬಣ್ಣದ ಸೀಸ. ಸೀಸಕ್ಕೆ ಹಚ್ಚಿದ ಮೇಣದ ಮೇಲೆ ಮ್ಯಾಟಿನ ದೂಳು, ಒಂದು ಕೂದಲು ಮೆತ್ತಿಕೊಂಡಿತ್ತು. "ಹೂಂ, ನನ್ನದೇ" ಅಂತ ಜೇಬಿಗೆ ಹಾಕಿಕೊಂಡೆ. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು.

ನನಗೆ ಬಂದೂಕಿನ ಲೈಸೆನ್ಸ್ ಇದೆ, ಹೆದರುವುದೇನು ಅನ್ನಬಹುದು. ನನಗಿದೆ. ಆದರೆ ಹಿಂದಿನ ವಾರ ನಾಲ್ಕು ದಿನ ಆ ಕಾರನ್ನು ಓಡಿಸಿದ್ದು ನನ್ನ ಭಾವಮೈದುನ. ಅವನಿಗಿಲ್ಲ. ರಾಜ್ಯದ ಗಡಿ ದಾಟಿ ಹೋಗಿ ಬಂದಿದ್ದ. ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿ ಡಿಕ್ಕಿ ತೆಗೆಸಿ ನೋಡಿದರಂತೆ. ಪುಣ್ಯಕ್ಕೆ ಸೀಟಿನ ಕೆಳಗೆ ಬಗ್ಗಿ ನೋಡಲಿಲ್ಲ. ಈ ವಿಷಯ ಅವನಿಗೆ ಇವತ್ತಿನವರೆಗೂ ಗೊತ್ತಿಲ್ಲ. ಈ ಪೋಸ್ಟ್ ಓದಿದರೆ ಗೊತ್ತಾಗುತ್ತದೆ. ಬೈಯುವುದಿದ್ದರೆ ಫೋನ್ ಮಾಡು ಮಾರಾಯ, ಕಾಮೆಂಟಿನಲ್ಲಿ ಬೇಡ.

ಬಂದೂಕನ್ನು ಕಾರಿನಲ್ಲಿ ಒಯ್ಯುವ ಮಾತು ಬಂದಾಗಲೆಲ್ಲ ನಾವು ಬಂದೂಕಿನ ಬಗ್ಗೆಯೇ ಮಾತಾಡುತ್ತೇವೆ. ಯಾವ ಕೇಸ್, ಯಾವ ಬೀಗ, ಎಲ್ಲಿ ಇಡಬೇಕು ಅಂತ. ಆದರೆ ನಾಲ್ಕಡಿ ಉದ್ದದ ರೈಫಲ್ಲನ್ನು ಕಾರಿನಲ್ಲಿ ಯಾರೂ ಮರೆಯುವುದಿಲ್ಲ. ಮರೆಯುವುದು ಗುಂಡನ್ನು. ನಮ್ಮಂಥ ನೆಟ್ಟಗಿನ ಜನ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ ಅಂತ ನನ್ನ ಅಭಿಪ್ರಾಯ.

1959ರ ಆಯುಧ ಕಾಯ್ದೆಯ 3ನೇ ಸೆಕ್ಷನ್ ಬಂದೂಕನ್ನೂ ಮದ್ದುಗುಂಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲೂ ಒಯ್ಯಲೂ ಲೈಸೆನ್ಸ್ ಬೇಕು. "ಗನ್ ಮನೆಯಲ್ಲಿದೆ, ಇದು ಬರೀ ಒಂದು ಗುಂಡು ತಾನೇ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಹಾಗಂತ ಕಾನೂನು ತೀರಾ ಕುರುಡೂ ಅಲ್ಲ. 1972ರ ಗುನ್ವಂತ್‌ಲಾಲ್ ಪ್ರಕರಣದಲ್ಲೂ 1994ರ ಸಂಜಯ್ ದತ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ವಸ್ತು ತನ್ನ ಹತ್ತಿರ ಇದೆ ಅನ್ನುವ ಅರಿವು ಆ ಮನುಷ್ಯನಿಗೆ ಇರಬೇಕು. ಏರ್‌ಪೋರ್ಟಿನಲ್ಲಿ ಹಳೇ ಬ್ಯಾಗಿನ ಮೂಲೆಯಲ್ಲಿ ಒಂದು ಗುಂಡು ಸಿಕ್ಕಿ ಕೇಸು ಹಾಕಿಸಿಕೊಂಡ ಎಷ್ಟೋ ಜನರ ಎಫ್‌ಐಆರ್‌ಗಳನ್ನು ಹೈಕೋರ್ಟ್‌ಗಳು ಇದೇ ಮಾತಿನ ಮೇಲೆ ರದ್ದು ಮಾಡಿವೆ. ಆದರೆ ಹೈಕೋರ್ಟಿನಲ್ಲಿ ವಕೀಲರು ವಿವರಿಸುವುದು ಬೇರೆ, ರಾತ್ರಿ ಹನ್ನೊಂದಕ್ಕೆ ಚೆಕ್‌ಪೋಸ್ಟ್‌ನಲ್ಲಿ ಭಾವಮೈದುನ ವಿವರಿಸುವುದು ಬೇರೆ, ಅಲ್ವಾ? ಅರಿವು ಇರಲಿಲ್ಲ ಅಂತ ಅವನು ಸಾಬೀತು ಮಾಡುವ ಹೊತ್ತಿಗೆ ಎಷ್ಟು ತಿಂಗಳು ಹೋಗುತ್ತಿತ್ತೋ.

ಅದು ಅಲ್ಲಿಗೆ ಬಂದದ್ದು ಹೇಗೆ ಅಂತ ಆಮೇಲೆ ಕೂತು ಯೋಚಿಸಿದೆ. ನಾನು ಹೊಡೆಯುವುದು 50 ಮೀಟರ್ ಪ್ರೋನ್, ಅಂದರೆ ಬೋರಲು ಮಲಗಿ 50 ಮೀಟರ್ ದೂರದ ಗುರಿಗೆ ಹೊಡೆಯುವ ಸ್ಪರ್ಧೆ. ಸ್ಪರ್ಧೆಗೆ 60 ಗುಂಡು, ಜೊತೆಗೆ ಮೊದಲಿಗೆ ಗುರಿ ಸರಿಮಾಡಿಕೊಳ್ಳಲು ಒಂದಷ್ಟು. ಡಬ್ಬಿಯಲ್ಲಿ ಬರುವುದು 50. ಹಾಗಾಗಿ ಎರಡನೇ ಡಬ್ಬಿ ಒಡೆಯಲೇಬೇಕು, ಅರ್ಧ ಉಳಿಯಲೇಬೇಕು. ಅವತ್ತು ಮಳೆ ಬರುವ ಹಾಗಿತ್ತು. ಉಳಿದ ಗುಂಡುಗಳನ್ನು ಡಬ್ಬಿಗೆ ಜೋಡಿಸುವ ತಾಳ್ಮೆ ಇಲ್ಲದೆ ಶೂಟಿಂಗ್ ಜಾಕೆಟ್ಟಿನ ಜೇಬಿಗೆ ಸುರಿದುಕೊಂಡೆ. ಜಾಕೆಟ್ಟನ್ನು ಹಿಂದಿನ ಸೀಟಿಗೆ ಎಸೆದೆ. ಮನೆಗೆ ಹೋಗಿ ಜೇಬು ಖಾಲಿ ಮಾಡಿದೆ, ಎಣಿಸಲಿಲ್ಲ. ರೈಫಲ್ಲಿಗೆ ಮಾತ್ರ ಆ ಅವಸರದಲ್ಲೂ ಎರಡು ಬೀಗ ಹಾಕಿದ್ದೆ, ನೋಡಿ!

ಕಾನೂನು ಮಾತ್ರ ಎಣಿಸುತ್ತಲೇ ಇರುತ್ತದೆ. ಲೈಸೆನ್ಸ್ ಪುಸ್ತಕ ತೆಗೆದು ನೋಡಿ. ಒಂದು ಸಲಕ್ಕೆ ಎಷ್ಟು ಗುಂಡು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅಂತ ಬರೆದಿರುತ್ತದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಜಮೀನು ಪಡೆದವರು) ಲೈಸೆನ್ಸೇ ಬೇಡ, ಅವರಿಗೆ ಯಾವ ಲೆಕ್ಕ ಅಂತ ಕೆಲವರು ಕೇಳುತ್ತಾರೆ. ಅವರಿಗೂ ಇದೆ. ಕೊಡಗಿನಿಂದ ಹೊರಗೆ ಹೋಗುವಾಗ ಒಂದು ರೈಫಲ್, ಅದಕ್ಕೆ 100 ಗುಂಡು. ಒಂದು ನಯವಾದ ನಳಿಕೆಯ ಕೋವಿ, ಅದಕ್ಕೆ 500 ಕಾರ್ಟ್‌ರಿಜ್. ವಿನಾಯಿತಿ ಕೊಟ್ಟ ಅಧಿಸೂಚನೆಯಲ್ಲೇ ಮಿತಿಯನ್ನೂ ಬರೆದಿದ್ದಾರೆ.

ಇನ್ನೊಂದು ವಿಷಯ. ಡ್ರೈವರ್ ಕೈಲಿ ಬಂದೂಕು ಕೊಟ್ಟು "ರಿಪೇರಿಗೆ ಕೊಟ್ಟು ಬಾ" ಅಂತ ಕಳಿಸುವವರನ್ನು ನಾನು ನೋಡಿದ್ದೇನೆ. ಲೈಸೆನ್ಸ್ ಇಲ್ಲದವರು ಹೀಗೆ ಒಯ್ಯುವುದಕ್ಕೆ ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಲೈಸೆನ್ಸ್‌ದಾರರು ಜೊತೆಯಲ್ಲೇ ಇರಬೇಕು, ಇಲ್ಲವೇ ಬರೆದು ಕೊಟ್ಟ ಒಪ್ಪಿಗೆ ಬೇಕು. ಅದೂ ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ಅಥವಾ ಆ ಮಾಲೀಕರ ಬಳಕೆಗೆ ಮಾತ್ರ. ಒಂದು ಚೀಟಿ ಬರೆದು ಸಹಿ ಹಾಕಲು ಎರಡು ನಿಮಿಷ ಸಾಕು. ಆ ಎರಡು ನಿಮಿಷದ ಸೋಮಾರಿತನಕ್ಕೆ ಡ್ರೈವರ್ ಜೈಲಿನ ಬಾಗಿಲು ನೋಡಬೇಕಾ?

"ನಮ್ಮ ಹತ್ತಿರ ಪೇಪರ್ ಇದೆ, ಯಾರೇನು ಮಾಡುತ್ತಾರೆ" ಅನ್ನುವವರು ಅದೇ ಕಾಯ್ದೆಯ 20ನೇ ಸೆಕ್ಷನ್ ಒಮ್ಮೆ ಓದಬೇಕು. ಒಯ್ಯುವ ರೀತಿ, ಸಂದರ್ಭ ನೋಡಿ, ಇದನ್ನು ಕೆಟ್ಟ ಕೆಲಸಕ್ಕೆ ಬಳಸಬಹುದು ಅಂತ ಸರಿಯಾದ ಅನುಮಾನ ಬಂದರೆ ವಾರಂಟ್ ಇಲ್ಲದೆ ಹಿಡಿಯಬಹುದು. ಲೈಸೆನ್ಸ್ ಇರಲಿ, ಇಲ್ಲದಿರಲಿ. ಹಿಡಿಯುವವರು ಪೊಲೀಸರೇ ಆಗಬೇಕಾಗಿಲ್ಲ. ರೈಲು, ವಿಮಾನ, ವಾಹನಗಳಲ್ಲಿ ಕೆಲಸ ಮಾಡುವವರಿಗೂ ಆ ಅಧಿಕಾರ ಇದೆ. ಅಂದರೆ ಬಸ್ ಕಂಡಕ್ಟರಿಗೂ!

ಹಾಗಾಗಿ ಹೇಗೆ ಒಯ್ಯುತ್ತೇವೆ ಅನ್ನುವುದು ಪೇಪರ್‌ನಷ್ಟೇ ಮುಖ್ಯ. ಹೊರಡುವ ಮುಂಚೆ ನಾನು ಬೋಲ್ಟ್, ಅಂದರೆ ಗುಂಡನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗವನ್ನು, ಪೂರ್ತಿ ಹೊರಗೆ ಎಳೆಯುತ್ತೇನೆ. ಗುಂಡು ಕೂರುವ ಜಾಗ, ಅಂದರೆ ಚೇಂಬರ್ ಒಳಗೆ ಕಣ್ಣಿಟ್ಟು ನೋಡುತ್ತೇನೆ. .22ರ ಚೇಂಬರಿಗೆ ಬೆರಳು ತೂರುವುದಿಲ್ಲ, ಕಿರುಬೆರಳ ತುದಿಯಿಂದ ಅಂಚು ಮುಟ್ಟಿ ನೋಡುತ್ತೇನೆ. ಆಮೇಲೆ ರೈಫಲ್ ಬೀಗದ ಕೇಸಿಗೆ, ಗುಂಡು ಬೇರೆ ಬೀಗದ ಡಬ್ಬಿಗೆ, ಎರಡೂ ಡಿಕ್ಕಿಗೆ. ಬೋಲ್ಟ್ ನನ್ನ ಚೀಲದಲ್ಲಿ. ಈ ಬೋಲ್ಟಿನ ಉಪಾಯ ಬ್ರಿಟನ್ನಿನ ಶೂಟರ್‌ಗಳಿಂದ ಕಲಿತದ್ದು. ದಾರಿಯಲ್ಲಿ ಕಾರು ಬಿಟ್ಟು ಇಳಿಯಬೇಕಾದರೆ ಅವರು ಅದನ್ನು ಕಳಚಿ ಜೊತೆಗೇ ಒಯ್ಯುತ್ತಾರೆ. ಕಳ್ಳನಿಗೆ ಸಿಕ್ಕರೂ ಬರೀ ಕೊಳವೆ ಸಿಗಲಿ ಅಂತ.

ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಪಿಸ್ತೂಲ್ ಇಡುವ ಚಾಳಿ ಬಿಡಿ ಅಂತ ಕೈಮುಗಿದು ಕೇಳುತ್ತೇನೆ. ಅಮೆರಿಕದಲ್ಲಿ 1986ರ ಕಾನೂನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಂದೂಕು ಒಯ್ಯುವವರಿಗೆ ರಕ್ಷಣೆ ಕೊಡುತ್ತದೆ. ಬಂದೂಕು ಖಾಲಿ ಇರಬೇಕು, ಬಂದೂಕಾಗಲೀ ಗುಂಡಾಗಲೀ ಕೂತ ಜಾಗದಿಂದ ಕೈಗೆ ಸಿಗಬಾರದು. ಪ್ರತ್ಯೇಕ ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗದ ಪೆಟ್ಟಿಗೆ ಬೇಕು. ಡ್ಯಾಶ್‌ಬೋರ್ಡ್ ಡಬ್ಬಿಯನ್ನೂ ಸೀಟುಗಳ ನಡುವಿನ ಡಬ್ಬಿಯನ್ನೂ ಆ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ ಅಂತ ಹೆಸರಿಸಿ ಬರೆದಿದ್ದಾರೆ. ಅಷ್ಟು ಖಚಿತವಾಗಿ ಬರೆಯದಿದ್ದರೂ ನಮಗೆ ಅರ್ಥವಾಗಬೇಕು. ಪೊಲೀಸರು ಗಾಡಿ ನಿಲ್ಲಿಸಿದರೆ ಮೊದಲು ಕೇಳುವುದು ಆರ್‌ಸಿ, ಇನ್ಶೂರೆನ್ಸ್. ಅವು ಇರುವುದೂ ಅದೇ ಡಬ್ಬಿಯಲ್ಲಿ. ಕಾಗದಕ್ಕೆ ಕೈ ಹಾಕಿದಾಗ ಪಿಸ್ತೂಲ್ ಕಂಡರೆ ಎದುರಿಗಿರುವವರು ಏನು ಅಂದುಕೊಳ್ಳಬೇಕು?

ಆ ಅಮೆರಿಕನ್ ಕಾನೂನಿಗೂ ಒಂದು ಕೊಕ್ಕೆ ಇದೆ. 2005ರಲ್ಲಿ ಯೂಟಾದ ಒಬ್ಬ ಪ್ರಯಾಣಿಕ ಪಿಸ್ತೂಲನ್ನು ನಿಯಮದ ಪ್ರಕಾರ ಬ್ಯಾಗೇಜಿನಲ್ಲಿ ಬೀಗ ಹಾಕಿ ಕಳಿಸಿ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದ. ನ್ಯೂಯಾರ್ಕ್ ಪಕ್ಕದ ನೆವಾರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು. ಬ್ಯಾಗು ಕೈಗೆ ಬಂತು, ರಾತ್ರಿ ಹೋಟೆಲಿನಲ್ಲಿ ಕಳೆದ. ಬೆಳಿಗ್ಗೆ ಅದೇ ಏರ್‌ಪೋರ್ಟಿಗೆ ಹೋಗಿ ತಾನಾಗಿಯೇ "ಪಿಸ್ತೂಲ್ ಇದೆ" ಅಂದ. ಬಂಧಿಸಿದರು. ಕೇಸು ಆಮೇಲೆ ಬಿದ್ದುಹೋಯಿತು. ಆದರೆ ಅವನು ಪರಿಹಾರ ಕೇಳಿದಾಗ 2010ರಲ್ಲಿ ಮೇಲ್ಮನವಿ ಕೋರ್ಟ್ ಒಪ್ಪಲಿಲ್ಲ. ರಾತ್ರಿಯಿಡೀ ಪಿಸ್ತೂಲ್ ನಿನ್ನ ಕೈಗೆ ಸಿಗುವಂತಿತ್ತಲ್ಲ ಅಂದಿತು. ಪಾಪ ಅನಿಸುತ್ತದೆ. ಬೀಗ ಹಾಕಿದ ಡಿಕ್ಕಿ ಕೊಡುವ ರಕ್ಷಣೆ ಬ್ಯಾಗು ಕೈಗೆ ಬಂದ ಕ್ಷಣಕ್ಕೆ ಮುಗಿಯುತ್ತದೆ.

ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಗುಂಡು ಸಿಡಿಯುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಇಲ್ಲ. ಮದ್ದು ತಾನಾಗಿ ಹೊತ್ತಿಕೊಳ್ಳಲು ಸುಮಾರು 170 ಡಿಗ್ರಿ ಬೇಕು, ಕಾರಿನೊಳಗೆ ಅಷ್ಟೆಲ್ಲ ಏರುವುದಿಲ್ಲ. ಅಪಾಯ ಇರುವುದು ಚೇಂಬರಿನೊಳಗೆ ಕೂತ ಗುಂಡಿನಿಂದ. "ದಾರಿಯಲ್ಲಿ ಏನಾದರೂ ಆದರೆ" ಅಂತ ಲೋಡ್ ಮಾಡಿ ಸೀಟಿನ ಪಕ್ಕ ಇಟ್ಟುಕೊಳ್ಳುವವರ ಜೊತೆ ನಾನು ಜಗಳವನ್ನೇ ಆಡಿದ್ದೇನೆ. ದಾರಿಯಲ್ಲಿ ಖಂಡಿತ ಆಗುವುದು ಗುಂಡಿ ಮತ್ತು ಹಂಪ್. ಹಿಂದಿನ ಗಾಜಿಗೆ ಶೂಟಿಂಗ್ ಕ್ಲಬ್ಬಿನ ಸ್ಟಿಕ್ಕರ್ ಅಂಟಿಸುವವರ ಬಗ್ಗೆ ಬೇರೆಯೇ ಪೋಸ್ಟ್ ಬರೆಯಬೇಕು. ಕಳ್ಳರಿಗೆ ಸುಮ್ನೆ ಬೋರ್ಡು ಯಾಕೆ?

ಈಗ ಎಷ್ಟೇ ಮಳೆ ಬರಲಿ, ರೇಂಜಿನಲ್ಲೇ ಕೂತು ಉಳಿದ ಗುಂಡನ್ನು ಡಬ್ಬಿಯ ತಟ್ಟೆಗೆ ಒಂದೊಂದಾಗಿ ಚುಚ್ಚುತ್ತೇನೆ. ತಂದದ್ದು, ಹೊಡೆದದ್ದು, ಉಳಿದದ್ದು ಅಂತ ಮೂರು ಅಂಕಿ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆಯುತ್ತೇನೆ. ತಾಳೆಯಾಗದಿದ್ದರೆ ಕಾರು ಹೊರಡುವುದಿಲ್ಲ. ಜಾಕೆಟ್ಟಿನ ಆ ಜೇಬನ್ನು ಹೊಲಿಸಿಬಿಟ್ಟಿದ್ದೇನೆ. ಯಾರಿಗಾದರೂ ಕಾರು ಕೊಡುವ ಮುಂಚೆ ಟಾರ್ಚ್ ಹಿಡಿದು ಸೀಟಿನ ಕೆಳಗೆ ಮಲಗುತ್ತೇನೆ, ಮನೆಯವರು ನಗುತ್ತಾರೆ.

ಹುಡುಗ ಕೊಟ್ಟ ಆ ಕಾರ್ಟ್‌ರಿಜ್ಜನ್ನು ಒರೆಸಿ ಮುಂದಿನ ಭಾನುವಾರವೇ ಹೊಡೆದೆ. ಹತ್ತು ಅಂಕದ ಗುರಿಯಲ್ಲಿ ಎಂಟಕ್ಕೆ ಬಿತ್ತು.