'ಆದರೆ' ಅನ್ನೋ ಫೋಲ್ಡರು

ನನ್ನ ಮೇಲ್‌ನಲ್ಲಿ 'ಆದರೆ' ಅಂತ ಒಂದು ಫೋಲ್ಡರ್ ಇದೆ. ಬೇಡ ಅಂತ ಬಂದಿರೋ ಉತ್ತರಗಳೆಲ್ಲ ಅದರೊಳಗೆ, ಕೆಲಸಕ್ಕೆ ಹಾಕಿದ ಅರ್ಜಿ, ಪತ್ರಿಕೆಗೆ ಕಳಿಸಿದ ಕತೆ, ಎಲ್ಲಾ. ಆ ಹೆಸರು ಯಾಕೆ ಅಂದ್ರೆ ಈ ಪತ್ರಗಳದ್ದೆಲ್ಲ ಒಂದೇ ಅಚ್ಚು: ನಿಮ್ಮ ಆಸಕ್ತಿಗೆ ಧನ್ಯವಾದ, ನಿಮ್ಮ ಬರಹ ಚೆನ್ನಾಗಿದೆ ಅಂತ ಎರಡು ಸಾಲು ಬೆನ್ನು ಸವರಿ, ಆಮೇಲೆ 'ಆದರೆ'. ಈಗೀಗ ನಾನು ಹೊಗಳಿಕೆ ಓದೋದೇ ಬಿಟ್ಟಿದ್ದೀನಿ, ಕಣ್ಣು ಸೀದಾ ಆ ಮೂರಕ್ಷರ ಹುಡುಕುತ್ತೆ.

ಸೋಲೇ ಗೆಲುವಿನ ಮೆಟ್ಟಿಲು ಅಂತಾರೆ. ಹಾಗೆ ಹೇಳೋರೆಲ್ಲ ಆಗ್ಲೇ ಮೇಲೆ ಹತ್ತಿ ನಿಂತೋರು ಅನ್ನೋದು ನನ್ನ ಕಂಪ್ಲೇಂಟು. ಎಡವಿದ ಕಾಲೇ ಎಡವೋದು ಹೆಚ್ಚು ಅಂತಾನೂ ಗಾದೆ ಇದೆಯಲ್ಲ, ಅದನ್ಯಾರೂ ಪೋಸ್ಟರ್ ಮಾಡಿ ಗೋಡೆಗೆ ಅಂಟಿಸಲ್ಲ. ಬರೀ ಸೋತಿದ್ದಕ್ಕೇ ಬುದ್ಧಿ ಬರೋದಾಗಿದ್ರೆ ನನ್ನ ಫೋಲ್ಡರಿನ ಸೈಜಿಗೆ ನಾನು ಇಷ್ಟೊತ್ತಿಗೆ ಮಹಾಜ್ಞಾನಿ ಆಗಿರ್ಬೇಕಿತ್ತು. ಬಹಳ ವರ್ಷ ನಾನು ಮಾಡಿದ್ದು ಒಂದೇ ಕೆಲಸ, ನೆಲ ಡೊಂಕು ಅನ್ನೋದು.

ಇದರ ಮಧ್ಯೆ ಭೌತವಿಜ್ಞಾನಿ ಪೀಟರ್ ಹಿಗ್ಸ್ ಅವರ ವಿಷಯ ಓದಿದೆ. 1964ರಲ್ಲಿ ಅವರ ಒಂದು ಪುಟ್ಟ ಪೇಪರ್‌ನ 'ಫಿಸಿಕ್ಸ್ ಲೆಟರ್ಸ್' ಜರ್ನಲ್ ವಾಪಸ್ ಕಳಿಸ್ತು. ಮನುಷ್ಯ ಒಳಗೊಳಗೇ ಎಷ್ಟು ಬೈಕೊಂಡ್ರೋ, ಪೇಪರಿನ ಕೊನೆಗೆ ಇನ್ನೊಂದಷ್ಟು ಸೇರಿಸಿ ಬೇರೆ ಜರ್ನಲ್‌ಗೆ ಕಳಿಸಿದ್ರು, ಹೊಸ ಕಣ ಒಂದಿರಬೇಕು ಅನ್ನೋ ಮಾತು ಬಂದಿದ್ದು ಆ ಸೇರಿಸಿದ ಭಾಗದಲ್ಲೇ. 2012ರಲ್ಲಿ ಕಣ ಸಿಕ್ತು, ಮರುವರ್ಷ ನೊಬೆಲ್. ಮೊದಲನೇ ಸಲವೇ ಯಾರಾದ್ರೂ 'ಆಯ್ತು, ಹಾಕ್ತೀವಿ' ಅಂದುಬಿಟ್ಟಿದ್ರೆ?

ಹಾಗಂತ ಎಲ್ಲಾ 'ಆದರೆ'ಯಲ್ಲೂ ಪಾಠ ಇರಲ್ಲ ಮಾರಾಯ್ರೆ. ಜೀವಕೋಶ ಶಕ್ತಿ ಪಡೆಯೋ ಚಕ್ರದ ಬಗ್ಗೆ ವಿಜ್ಞಾನಿ ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ 'ನೇಚರ್' ಜರ್ನಲ್‌ಗೆ ಬರೆದು ಕಳಿಸಿದ್ರೆ, ನಮ್ಮ ಹತ್ರ ಆಗ್ಲೇ 7-8 ವಾರಕ್ಕಾಗೋಷ್ಟು ಪತ್ರ ಬಿದ್ದಿದೆ ಅಂತ ಉತ್ತರ ಬಂತು. ಇದರಲ್ಲಿ ಕಲಿಯೋದೇನಿದೆ? ಜಾಗ ಇಲ್ಲ, ಅಷ್ಟೇ. ಅವರೂ ಕೂತು ಆತ್ಮಾವಲೋಕನ ಮಾಡ್ಲಿಲ್ಲ, ಇನ್ನೊಂದು ಜರ್ನಲ್‌ಗೆ ಕಳಿಸಿದ್ರು, 1953ರಲ್ಲಿ ಅವರಿಗೂ ನೊಬೆಲ್ ಬಂತು. ನಾನಾಗಿದ್ರೆ ಜೀವಕೋಶದ ಸಹವಾಸವೇ ಬೇಡ ಅಂತಿದ್ದೆ.

ಇದನ್ನ ತಲೇಲಿಟ್ಕೊಂಡು ಮೊನ್ನೆ ಫೋಲ್ಡರ್ ಜಾಲಾಡಿದೆ, ಯಾವುದು ಹಿಗ್ಸ್ ಥರದ್ದು, ಯಾವುದು ಕ್ರೆಬ್ಸ್ ಥರದ್ದು ಅಂತ (ನೊಬೆಲ್ ವಿಷಯ ಬಿಡಿ). ಮುಕ್ಕಾಲು ಪಾಲು ಕಾರಣವೇ ಇಲ್ಲದ ಅಚ್ಚಿನ ಪತ್ರಗಳು, ಒಂದೊಂದಕ್ಕೂ ನಾನು ದಿನಗಟ್ಟಲೆ ಮುಖ ಊದಿಸ್ಕೊಂಡು ಕೂತಿದ್ದೆ. ಎಲ್ಲೋ ಅಡೀಲಿ ಒಬ್ಬ ಸಂಪಾದಕರದ್ದು ಸಿಕ್ತು, ಒಂದೇ ಸಾಲು: 'ನಿಮ್ಮ ಕತೆ ಮೂರನೇ ಪ್ಯಾರಾದಿಂದ ಶುರುವಾಗುತ್ತೆ.' ಬಂದಾಗ ವಾರ ಪೂರ್ತಿ ಉರ್ಕೊಂಡಿದ್ದೆ, ಇವರಿಗೇನು ಗೊತ್ತು ಸಾಹಿತ್ಯ ಅಂತ. ಮೊನ್ನೆ ಆ ಕತೆ ತೆಗೆದು ಮೊದಲೆರಡು ಪ್ಯಾರಾ ಅಂಗೈಲಿ ಮುಚ್ಚಿ ಓದಿದೆ. ಅಯ್ಯೋ ಶಿವನೇ, ಹೌದು.

ಅಂದಹಾಗೆ ಈ ಬರಹಕ್ಕೂ ಮುಂಚೆ ಎರಡು ಪ್ಯಾರಾ ಇತ್ತು, ಸೋಲು ಅಂದ್ರೇನು ಅಂತ ಭಾರೀ ಪೀಠಿಕೆ.